ದಡಾರ ವೈರಸ್‌ನ ತಳಿ ಪತ್ತೆ: ಲಸಿಕಾ ಅಭಿಯಾನಗಳ ನಂತರ

ದಡಾರ ಬಂದವರ ಗಂಟಲು, ಮೂಗು ಅಥವಾ ಮೂತ್ರದಲ್ಲಿ ಸಿಗುವ ವೈರಸ್‌ನ ಜೀನಿನ ಒಂದು ಭಾಗವನ್ನು ಅಕ್ಷರ ಅಕ್ಷರವಾಗಿ ಓದಿ, ಬೇರೆ ಊರು ಬೇರೆ ದೇಶಗಳಲ್ಲಿ ಸಿಕ್ಕ ವೈರಸ್‌ಗಳ ಜೊತೆ ಹೋಲಿಸಿ, ಅದರ ವಂಶವನ್ನೂ ಅದು ಬಂದ ದಾರಿಯನ್ನೂ ಗುರುತಿಸುವ ವಿಧಾನ. ಕರ್ನಾಟಕದ ಹಲವು ಕಡೆ ಗೊಬ್ಬರ ಎಂದೂ ಕರೆಯುವ ಈ ರೋಗದ ವಿರುದ್ಧ ದೊಡ್ಡ ಲಸಿಕಾ ಅಭಿಯಾನ ನಡೆದ ಮೇಲೆ ಅದು ನಿಜಕ್ಕೂ ಫಲ ಕೊಟ್ಟಿತೇ ಎಂದು ತಿಳಿಯಲು ಈ ವಿಧಾನವನ್ನು ಮುಖ್ಯವಾಗಿ ಬಳಸುತ್ತಾರೆ.

ಅಭಿಯಾನ ಮುಗಿದ ಕೂಡಲೆ ರೋಗಿಗಳ ಸಂಖ್ಯೆ ಇಳಿಯುತ್ತದೆ. ಸಾವಿರಗಳಲ್ಲಿದ್ದದ್ದು ನೂರಕ್ಕೆ, ನೂರು ಬೆರಳೆಣಿಕೆಗೆ ಬರುತ್ತದೆ. ಕಷ್ಟದ ಪ್ರಶ್ನೆ ಆಮೇಲೆ ಏಳುತ್ತದೆ. ಕಳೆ ಕಿತ್ತ ಹೊಲದಲ್ಲಿ ಮತ್ತೊಂದು ಸಸಿ ತಲೆಯೆತ್ತಿದರೆ, ಹಳೆಯ ಬೇರು ನೆಲದಲ್ಲೇ ಉಳಿದಿತ್ತೋ, ಪಕ್ಕದ ಹೊಲದಿಂದ ಬೀಜ ಹಾರಿ ಬಂತೋ ಎಂದು ರೈತ ನೋಡಲೇಬೇಕಾಗುತ್ತದೆ. ಬೇರು ಉಳಿದಿದ್ದರೆ ಅಭಿಯಾನ ಯಾವುದೋ ಕೇರಿಯ, ಯಾವುದೋ ವಯಸ್ಸಿನ ಮಕ್ಕಳನ್ನು ಬಿಟ್ಟಿದೆ ಎಂದರ್ಥ. ಬೀಜ ಹೊರಗಿನದಾದರೆ ಅಭಿಯಾನ ಗೆದ್ದಿದೆ, ಆದರೆ ಕಾವಲು ಸಡಿಲವಾಗುವಂತಿಲ್ಲ. ರೋಗಿಗಳ ಲೆಕ್ಕ ಇವೆರಡರ ವ್ಯತ್ಯಾಸವನ್ನು ತೋರಿಸುವುದಿಲ್ಲ. ವೈರಸ್‌ನ ಜೀನು ತೋರಿಸುತ್ತದೆ.

ವೈರಸ್ ಮತ್ತು ಅದರ ಜೀನೋಟೈಪ್‌ಗಳು

ದಡಾರ ವೈರಸ್ ಪ್ಯಾರಾಮಿಕ್ಸೊವಿರಿಡೆ ಕುಟುಂಬದ ಮಾರ್ಬಿಲ್ಲಿವೈರಸ್ ಕುಲಕ್ಕೆ ಸೇರಿದ್ದು. 2011ರಲ್ಲಿ ಜಗತ್ತಿನಿಂದಲೇ ಅಳಿದುಹೋಯಿತೆಂದು ಘೋಷಣೆಯಾದ, ದನಕರುಗಳಿಗೆ ಬರುತ್ತಿದ್ದ ರಿಂಡರ್‌ಪೆಸ್ಟ್ ವೈರಸ್ ಇದರ ಹತ್ತಿರದ ಬಂಧು. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ 1912ರಲ್ಲಿ ತೀರಿಕೊಂಡ ಮಗುವಿನ ಶ್ವಾಸಕೋಶದ ತುಣುಕು ಅಲ್ಲಿನ ಸಂಗ್ರಹದಲ್ಲಿ ಉಳಿದಿತ್ತು. ಅದರಿಂದ ತೆಗೆದ ವೈರಸ್‌ನ ಜೀನೋಮ್ ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನ, ಈ ಎರಡು ವೈರಸ್‌ಗಳು ಬೇರೆಯಾದ ಕಾಲವನ್ನು ಕ್ರಿಸ್ತಪೂರ್ವ ಆರನೆಯ ಶತಮಾನದವರೆಗೂ ಹಿಂದಕ್ಕೆ ಒಯ್ದಿತು.

ವೈರಸ್‌ನ ಜೀನೋಮ್ ಒಂದೇ ಎಳೆಯ ಆರ್‌ಎನ್‌ಎ. ಉದ್ದ 15,894 ನ್ಯೂಕ್ಲಿಯೋಟೈಡ್‌ಗಳು, ಅಂದರೆ ಅಷ್ಟು ರಾಸಾಯನಿಕ ಅಕ್ಷರಗಳು. ಆರು ಜೀನುಗಳು, ಅವುಗಳಿಂದ ಎಂಟು ಪ್ರೋಟೀನುಗಳು. ಆರ್‌ಎನ್‌ಎ ನಕಲಾಗುವಾಗ ಆಗುವ ತಪ್ಪುಗಳು ಮುಂದಿನ ಪೀಳಿಗೆಗೆ ಸಾಗುತ್ತವೆ. ತಳಿ ಪತ್ತೆಗೆ ಆಧಾರ ಈ ತಪ್ಪುಗಳೇ. ಇವು ಜೀನೋಮ್‌ನ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಸೇರುವುದಿಲ್ಲ. ನ್ಯೂಕ್ಲಿಯೋಪ್ರೋಟೀನ್ ಜೀನಿನ ಕೊನೆಯ 450 ಅಕ್ಷರಗಳ ಭಾಗದಲ್ಲಿ ಹೆಚ್ಚು ಸೇರುತ್ತವೆ, ಬೇರೆ ಬೇರೆ ವಂಶಗಳ ನಡುವೆ ಇಲ್ಲಿ ಶೇ. 12ರವರೆಗೂ ವ್ಯತ್ಯಾಸ ಕಾಣಬಹುದು. ಹಾಗಾಗಿ ಎನ್-450 ಎಂದು ಕರೆಯುವ ಈ ತುಣುಕನ್ನೇ ಎಲ್ಲ ದೇಶಗಳ ಪ್ರಯೋಗಾಲಯಗಳೂ ಓದುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ವರ್ಗೀಕರಣಕ್ಕೆ ಏಕರೂಪದ ನಿಯಮ ತಂದಿತು. ಎ ಇಂದ ಎಚ್‌ವರೆಗೆ ಎಂಟು ಶಾಖೆಗಳು, ಅವುಗಳಲ್ಲಿ ಇದುವರೆಗೆ ಮಾನ್ಯವಾದ 24 ಜೀನೋಟೈಪ್‌ಗಳು, ಅಂದರೆ ಜೀನಿನ ಆಧಾರದ ಮೇಲೆ ವಿಂಗಡಿಸಿದ ತಳಿಗಳು. ಡಿ ಶಾಖೆಯೊಂದರಲ್ಲೇ 11 ಇವೆ. ಕೊನೆಯದಾದ ಡಿ11 ಕಂಡದ್ದು 2009ರಲ್ಲಿ, ಚೀನಾದ ಯುನಾನ್ ಪ್ರಾಂತ್ಯದ ಗಡಿಯ ಮೆಂಗ್ಲಿಯಾನ್‌ನಲ್ಲಿ. ಪ್ರತಿ ವೈರಸ್‌ಗೂ ಸಿಕ್ಕ ಜಾಗ, ದೇಶ, ವಾರ ಮತ್ತು ವರ್ಷ ಸೇರಿದ ಹೆಸರು ಇಡುತ್ತಾರೆ. ಎಂವಿಎಸ್/ಗಿರ್ ಸೋಮನಾಥ್.ಐಎನ್‌ಡಿ/42.16 ಎಂದರೆ ಗುಜರಾತಿನ ಗಿರ್ ಸೋಮನಾಥ್ ಜಿಲ್ಲೆಯಲ್ಲಿ 2016ರ 42ನೆಯ ವಾರ ರೋಗಿಯ ಮಾದರಿಯಿಂದ ನೇರವಾಗಿ ಓದಿದ ವೈರಸ್. ಮೊದಲಲ್ಲಿ ಎಂವಿಐ ಎಂದಿದ್ದರೆ ಅದನ್ನು ಕೋಶಗಳಲ್ಲಿ ಬೆಳೆಸಿ ಪಡೆದದ್ದು ಎಂದರ್ಥ. ತಮಿಳುನಾಡಿನ ವಿಲ್ಲುಪುರಂ ಹೆಸರಿನಲ್ಲೂ 2007ರ ಒಂದು ಡಿ8 ತಳಿ ಇದೆ. ಹೆಸರಿನಲ್ಲಿ ಊರಿದ್ದ ಮಾತ್ರಕ್ಕೆ ಆ ವಂಶ ಅಲ್ಲೇ ಹುಟ್ಟಿತು ಎನ್ನಲಾಗದು, ಅಲ್ಲಿ ಮೊದಲು ದಾಖಲಾಯಿತು ಎಂದಷ್ಟೇ ಹೇಳಬಹುದು. ಊರಿನವರನ್ನು ದೂರಲು ಈ ಹೆಸರುಗಳನ್ನು ಬಳಸುವುದು ಅನ್ಯಾಯ. ಒಳ್ಳೆಯ ಕಣ್ಗಾವಲು ಇರುವ ಊರೇ ಪಟ್ಟಿಗೆ ಸೇರುತ್ತದೆ.

ಲಸಿಕೆಯ ತಳಿ

1954ರಲ್ಲಿ ಬಾಸ್ಟನ್ನಿನಲ್ಲಿ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್, ದಡಾರ ಬಂದಿದ್ದ ಡೇವಿಡ್ ಎಡ್ಮನ್‌ಸ್ಟನ್ ಎಂಬ ಶಾಲಾ ಹುಡುಗನಿಂದ ವೈರಸ್ ಬೇರ್ಪಡಿಸಿದರು. ಅದನ್ನು ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ದುರ್ಬಲಗೊಳಿಸಿ ತಯಾರಿಸಿದ ಲಸಿಕೆಗೆ 1963ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಆ ಹುಡುಗನ ಹೆಸರು ಲಸಿಕೆಯ ತಳಿಗಳಿಗೆ ಅಂಟಿಕೊಂಡಿತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ, ಭಾರತದ ಮಕ್ಕಳಿಗೆ ಕೊಡುವ ಎಡ್ಮನ್‌ಸ್ಟನ್-ಜಾಗ್ರೆಬ್ ಲಸಿಕೆಯೂ ಆ ವಂಶದ್ದೇ. ಮೂಲ ಬೇರೆಯಾದ ಲೆನಿನ್‌ಗ್ರಾಡ್-16, ಶಾಂಘೈ-191 ಮುಂತಾದ ಲಸಿಕೆಗಳು ಕೂಡ ಎ ಜೀನೋಟೈಪಿಗೇ ಸೇರುತ್ತವೆ.

ಲಸಿಕೆ ಎ, ಊರಲ್ಲಿ ಹರಡಿರುವುದು ಡಿ8 ಅಥವಾ ಬಿ3. ಹಾಗಾದರೆ ಲಸಿಕೆ ಕೆಲಸ ಮಾಡೀತೇ ಎಂದು ತಂದೆತಾಯಂದಿರು ಕೇಳುವುದು ಸಹಜ. ಉತ್ತರದಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಜೀನೋಟೈಪ್‌ಗಳು 24 ಇದ್ದರೂ ನಮ್ಮ ಪ್ರತಿಕಾಯಗಳ ಕಣ್ಣಿಗೆ ದಡಾರ ವೈರಸ್ ಒಂದೇ. ವೈರಸ್‌ನ ಹೊರಮೈಯ ಎಚ್ ಪ್ರೋಟೀನ್ ಮನುಷ್ಯನ ಕೋಶಗಳಿಗೆ ಅಂಟಿಕೊಳ್ಳುವ ಜಾಗವನ್ನು ಬದಲಾಯಿಸಿದರೆ ಅಂಟುವ ಶಕ್ತಿಯೇ ಹೋಗುತ್ತದೆ, ಆದ್ದರಿಂದ ಅಲ್ಲಿ ಆದ ಬದಲಾವಣೆ ಉಳಿಯುವುದಿಲ್ಲ. ಫ್ಲೂ ಲಸಿಕೆಯನ್ನು ವರ್ಷ ವರ್ಷ ಬದಲಿಸಬೇಕು. ದಡಾರದ ಲಸಿಕೆ 1960ರ ದಶಕದ ತಳಿಯಿಂದಲೇ ಇಂದಿಗೂ ಎಲ್ಲ ಜೀನೋಟೈಪ್‌ಗಳನ್ನೂ ತಡೆಯುತ್ತದೆ.

ಅಭಿಯಾನದ ನಂತರ ಒಂದು ಜೀನೋಟೈಪ್ ಹೋಗಿ ಇನ್ನೊಂದು ಬಂದರೆ, ಲಸಿಕೆಯನ್ನು ಮಣಿಸಿದ ಹೊಸ ವೈರಸ್ ಹುಟ್ಟಿತು ಎಂಬ ಸುದ್ದಿ ಹಬ್ಬುವುದುಂಟು. ಅದು ತಪ್ಪು ಓದು. ಹಳೆಯ ಸೋಂಕಿನ ಸರಪಳಿ ತುಂಡಾಯಿತು, ಲಸಿಕೆ ತಲುಪದವರ ಗುಂಪಿಗೆ ಹೊರಗಿನ ಇನ್ನೊಂದು ಸರಪಳಿ ಹೊಕ್ಕಿತು, ಅಷ್ಟೇ. ಹೀಗೆ ಬದಲಾದ ಜೀನೋಟೈಪ್ ಬಹುತೇಕ ಅಭಿಯಾನ ಗೆದ್ದದ್ದರ ಸಾಕ್ಷಿ. ಅಭಿಯಾನಕ್ಕೆ ಮುಂಚೆ ಇದ್ದ ತಳಿಯೇ ವರ್ಷಗಳ ನಂತರವೂ ಸಿಗುತ್ತಿದ್ದರೆ ಆಗ ಆರೋಗ್ಯ ಇಲಾಖೆ ಚಿಂತೆ ಮಾಡಬೇಕು.

ಮಾದರಿ ಹೊರಡುವ ದಾರಿ

ಈ ವಿಜ್ಞಾನದ ಅತ್ಯಂತ ದುರ್ಬಲ ಕೊಂಡಿ ಪ್ರಯೋಗಾಲಯದ ಹೊರಗಿದೆ. ಆಶಾ ಕಾರ್ಯಕರ್ತೆಗೆ ಜ್ವರ, ಮೈಮೇಲೆ ದದ್ದು ಇರುವ ಮಗುವಿನ ಸುದ್ದಿ ಸಿಗಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಾತು ಮುಟ್ಟಬೇಕು, ಯಾರಾದರೂ ಮಗುವಿನ ರಕ್ತವನ್ನೂ ಗಂಟಲು ದ್ರವವನ್ನೂ ತೆಗೆಯಬೇಕು. ರಕ್ತದಲ್ಲಿ ಐಜಿಎಂ ಪ್ರತಿಕಾಯ ಇದ್ದರೆ ದಡಾರ ಖಚಿತವಾಗುತ್ತದೆ, ಆದರೆ ಅದರಿಂದ ತಳಿ ತಿಳಿಯದು. ತಳಿ ತಿಳಿಯಲು ವೈರಸ್‌ನ ಆರ್‌ಎನ್‌ಎ ಬೇಕು. ಅದು ದದ್ದು ಎದ್ದ ಮೊದಲ ಐದು ದಿನಗಳಲ್ಲಿ ಚೆನ್ನಾಗಿ ಸಿಗುತ್ತದೆ, ಎರಡು ವಾರ ದಾಟಿದರೆ ಆಸೆ ಬಿಡಬೇಕು. ತೆಗೆದ ಮಾದರಿ ತಂಪಿನಲ್ಲೇ ಸಾಗಬೇಕು. ಮನೆಯವರು ದೇವರ ಮುನಿಸೆಂದು ಬೇವಿನ ಸೊಪ್ಪು ಕಟ್ಟಿ ಮಗುವನ್ನು ಒಳಗೇ ಇರಿಸಿಕೊಂಡರೆ ಆ ಐದು ದಿನ ಕಳೆದೇ ಹೋಗುತ್ತವೆ. ಗದರಿಸಿದರೆ ಮನೆಯ ಬಾಗಿಲು ಇನ್ನಷ್ಟು ಮುಚ್ಚುತ್ತದೆ. ನಂಬಿಕೆಯನ್ನು ಹಳಿಯದೆ ಬಾಗಿಲಲ್ಲಿ ಕುಳಿತು ಮಾತಾಡುವ ಕಾರ್ಯಕರ್ತೆಯಿಂದಲೇ ಮಾದರಿ ಸಿಗುವುದು.

ಬ್ರಿಟನ್ ಇದಕ್ಕೆ ಸುಲಭದ ದಾರಿ ಕಂಡುಕೊಂಡಿತು. ಒಸಡಿನ ಅಂಚಿಗೆ ಸಣ್ಣ ಸ್ಪಂಜು ಒತ್ತಿ ಬಾಯಿಯ ದ್ರವ ತೆಗೆದು ಅಂಚೆಯಲ್ಲಿ ಕಳುಹಿಸುವ ವ್ಯವಸ್ಥೆ 1990ರ ದಶಕದಿಂದ ಅಲ್ಲಿದೆ. ಸೂಜಿ ಬೇಡ, ಮಗು ಅಳುವುದಿಲ್ಲ, ಪ್ರತಿಕಾಯ ಮತ್ತು ಆರ್‌ಎನ್‌ಎ ಎರಡನ್ನೂ ಒಂದೇ ಮಾದರಿಯಲ್ಲಿ ನೋಡಬಹುದು.

ಪ್ರಯೋಗಾಲಯದಲ್ಲಿ ಪಿಸಿಆರ್ ವಿಧಾನದಿಂದ ಎನ್-450 ತುಣುಕನ್ನು ಹೆಚ್ಚಿಸಿ ಅದರ ಅಕ್ಷರಕ್ರಮ ಓದುತ್ತಾರೆ. ಅದು ಮೀನ್ಸ್ ಎಂಬ ಅಂತರರಾಷ್ಟ್ರೀಯ ದತ್ತಸಂಗ್ರಹಕ್ಕೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಲಂಡನ್ನಿನ ಪ್ರಯೋಗಾಲಯದ ಜೊತೆಗೂಡಿ ಕಟ್ಟಿದ ಸಂಗ್ರಹ ಇದು. 700ಕ್ಕೂ ಹೆಚ್ಚು ಪ್ರಯೋಗಾಲಯಗಳ ಜಾಗತಿಕ ಜಾಲ ಇದರ ಹಿಂದಿದೆ. ಸೋಂಕಿನ ಪ್ರತಿ ನೂರು ಸರಪಳಿಗಳಲ್ಲಿ ಎಂಬತ್ತರಿಂದಾದರೂ ವೈರಸ್ ಮಾದರಿ ಸಿಗಬೇಕು ಎಂಬುದು ಗುರಿ. ದಡಾರ ಹೆಚ್ಚಿರುವ ದೇಶಗಳೇ ಈ ಗುರಿಯಿಂದ ದೂರ ಉಳಿದಿವೆ. ಜಗತ್ತಿನ ತಳಿ ನಕ್ಷೆ ಆದ್ದರಿಂದ ಬಡ ದೇಶಗಳ ಭಾಗದಲ್ಲಿ ಮಸುಕಾಗಿಯೇ ಇದೆ.

ಅಮೆರಿಕ ಖಂಡಗಳ ಅನುಭವ

ಅಭಿಯಾನವನ್ನೂ ತಳಿಯನ್ನೂ ಜೊತೆಯಾಗಿ ಓದುವುದನ್ನು ಜಗತ್ತು ಕಲಿತದ್ದು ಮುಖ್ಯವಾಗಿ ಅಮೆರಿಕ ಖಂಡಗಳಿಂದ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1989ರಿಂದ 1991ರವರೆಗೆ ದಡಾರ ಮತ್ತೆ ಉಕ್ಕಿ 55,000ಕ್ಕೂ ಹೆಚ್ಚು ಮಂದಿಗೆ ತಗುಲಿತು, 120ಕ್ಕೂ ಹೆಚ್ಚು ಜನ ತೀರಿಕೊಂಡರು. ಲಸಿಕೆ ಸಿಗದ ನಗರದ ಬಡ ಮಕ್ಕಳೇ ಹೆಚ್ಚು ನರಳಿದರು. ಆ ಅವಧಿಯ ವೈರಸ್‌ಗಳೆಲ್ಲ ಡಿ3 ಜೀನೋಟೈಪ್. ಎರಡನೆಯ ಡೋಸ್ ನಿಯಮವಾಗಿ, ಬಡ ಮಕ್ಕಳಿಗೆ ಲಸಿಕೆ ತಲುಪಿದ ಮೇಲೆ ಚಿತ್ರ ಬದಲಾಯಿತು. 1994ರ ಹೊತ್ತಿಗೆ ಸಿಕ್ಕ ವೈರಸ್‌ಗಳು ಯುರೋಪು, ಜಪಾನ್ ಮುಂತಾದ ಕಡೆಯ ವೈರಸ್‌ಗಳನ್ನು ಹೋಲುತ್ತಿದ್ದವು, ಒಂದೊಂದೂ ಬೇರೆ ಬೇರೆ ವಂಶದ್ದು. ಡಿ3 ಅಲ್ಲಿಂದ ಮಾಯವಾಗಿತ್ತು. 2000ದಲ್ಲಿ ಆ ದೇಶ ದಡಾರಮುಕ್ತವೆಂದು ಘೋಷಣೆಯಾದಾಗ ಈ ಸಾಕ್ಷ್ಯಕ್ಕೆ ದೊಡ್ಡ ತೂಕವಿತ್ತು.

ದಕ್ಷಿಣದ ದೇಶಗಳ ಹಾದಿ ಇನ್ನೂ ಕಷ್ಟದ್ದು, ಇನ್ನೂ ಪಾಠ ಕಲಿಸುವಂಥದ್ದು. ಕ್ಯೂಬಾ 1987ರಲ್ಲೇ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹಿಂದೆ ಲಸಿಕೆ ಆಗಿದೆಯೋ ಇಲ್ಲವೋ ನೋಡದೆ ಒಮ್ಮೆಗೇ ಹಾಕಿತು. ಬ್ರೆಜಿಲಿನ ವೈದ್ಯ ಸಿರೊ ಡಿ ಕ್ವಾಡ್ರೊಸ್ ಅವರ ಮುಂದಾಳತ್ವದಲ್ಲಿ ಪ್ಯಾನ್ ಅಮೆರಿಕನ್ ಆರೋಗ್ಯ ಸಂಸ್ಥೆ ಇದನ್ನು ಇಡೀ ಖಂಡದ ಪದ್ಧತಿಯಾಗಿ ಬೆಳೆಸಿತು: ಮೊದಲು 1ರಿಂದ 14 ವರ್ಷದವರೆಲ್ಲರಿಗೂ ಒಮ್ಮೆ, ಆಮೇಲೆ ಹುಟ್ಟುವ ಪ್ರತಿ ಮಗುವಿಗೂ ತಪ್ಪದೆ, ಜೊತೆಗೆ ಕೆಲವು ವರ್ಷಕ್ಕೊಮ್ಮೆ ಸಣ್ಣ ಮಕ್ಕಳಿಗಾಗಿ ಮತ್ತೆ ಅಭಿಯಾನ. 1995ರಲ್ಲಿ ಬ್ರೆಜಿಲ್ ಈ ಮೂರನೆಯ ಬಗೆಯ ಅಭಿಯಾನ ನಡೆಸಿದಾಗ ಸಾವೊ ಪಾಲೊ ರಾಜ್ಯ ಒಂದೇ ಹೊರಗುಳಿಯಿತು. ಎರಡು ವರ್ಷದಲ್ಲಿ ಅಲ್ಲಿ ದಡಾರ ಸ್ಫೋಟಿಸಿತು. 1997ರಲ್ಲಿ 20 ಸಾವಿರಕ್ಕೂ ಮೀರಿದ ರೋಗಿಗಳು. ವೈರಸ್ ಯುರೋಪಿನಲ್ಲಿಯೂ ಹರಿದಾಡುತ್ತಿದ್ದ ಡಿ6. ಅಲ್ಲಿಂದ ಅದು ಅರ್ಜೆಂಟೀನಾ, ಬೊಲಿವಿಯಾ, ಡೊಮಿನಿಕನ್ ಗಣರಾಜ್ಯ, ಹೈಟಿ ಎಂದು ಸಾಗಿತು. ಒಂದು ರಾಜ್ಯ ಬಿಟ್ಟ ಒಂದು ಸುತ್ತಿನ ಬೆಲೆಯನ್ನು ಖಂಡದ ಅರ್ಧದಷ್ಟು ದೂರದ ಮಕ್ಕಳು ತೆತ್ತರು ಎಂಬುದನ್ನು ತೋರಿಸಿಕೊಟ್ಟದ್ದು ಆ ಡಿ6 ಗುರುತು.

ಡಿ6 ಸರಪಳಿ 2001ರಲ್ಲಿ ಹೈಟಿಯಲ್ಲಿ ಕೊನೆಗೊಂಡಿತು. ಅಷ್ಟರಲ್ಲೇ ವೆನೆಜುವೆಲಾ ಮತ್ತು ಕೊಲಂಬಿಯಾದಲ್ಲಿ ಡಿ9 ಕಾಣಿಸಿಕೊಂಡಿತು. ಡಿ6ಗೂ ಇದಕ್ಕೂ ಸಂಬಂಧವಿಲ್ಲ, ಹೊರಗಿನಿಂದ ಬಂದದ್ದೆಂದು ಅಕ್ಷರಕ್ರಮ ಹೇಳಿತು. 2002ರ ನವೆಂಬರಿನಲ್ಲಿ ಅದೂ ನಿಂತಿತು. 2016ರ ಸೆಪ್ಟೆಂಬರ್ 27ರಂದು ಅಮೆರಿಕ ಖಂಡಗಳು ದಡಾರಮುಕ್ತವೆಂದು ಘೋಷಣೆಯಾಯಿತು, ಜಗತ್ತಿನಲ್ಲಿ ಈ ಮಾನ್ಯತೆ ಪಡೆದ ಮೊದಲ ವಲಯ.

ಒಂದು ವರ್ಷವೂ ನೆಮ್ಮದಿಯಲ್ಲಿ ಕಳೆಯಲಿಲ್ಲ. 2017ರಲ್ಲಿ ಆರ್ಥಿಕ ಕುಸಿತದ ನಡುವೆ ವೆನೆಜುವೆಲಾದ ಬೊಲಿವಾರ್ ರಾಜ್ಯದಲ್ಲಿ ಡಿ8 ಹರಡಿತು. ಊರು ಬಿಟ್ಟು ಗಡಿ ದಾಟಿದ ಜನರ ಜೊತೆ ಬ್ರೆಜಿಲಿನ ರೊರೈಮಾ, ಮನಾಸ್ ತಲುಪಿತು. ಮಲೇಷ್ಯಾದ ಹುಲು ಲಂಗಾಟ್ ಹೆಸರಿನಲ್ಲಿ 2011ರಲ್ಲಿ ದಾಖಲಾಗಿದ್ದ ವಂಶ ಅದು. ನಿಯಮದ ಪ್ರಕಾರ ಒಂದೇ ತಳಿಯ ಸರಪಳಿ 12 ತಿಂಗಳು ತುಂಡಾಗದೆ ಹರಡಿದರೆ ದಡಾರ ಅಲ್ಲಿ ಮತ್ತೆ ನೆಲೆಯಾಯಿತೆಂದು ಲೆಕ್ಕ. ವೆನೆಜುವೆಲಾ 2018ರಲ್ಲಿ, ಬ್ರೆಜಿಲ್ 2019ರಲ್ಲಿ ಮಾನ್ಯತೆ ಕಳೆದುಕೊಂಡವು. ಬ್ರೆಜಿಲ್ ಅದನ್ನು 2024ರಲ್ಲಿ ಮರಳಿ ಪಡೆಯಿತು.

ಜಪಾನ್, ಚೀನಾ, ಆಫ್ರಿಕ

ಜಪಾನ್ ಒಂದು ಕಾಲದಲ್ಲಿ ದಡಾರವನ್ನು ಇತರ ಸಿರಿವಂತ ದೇಶಗಳಿಗೆ ರಫ್ತು ಮಾಡುವ ದೇಶವೆಂಬ ಅಪಖ್ಯಾತಿ ಹೊತ್ತಿತ್ತು. 2007ರಲ್ಲಿ ಯುವಕರಲ್ಲಿ ರೋಗ ಹಬ್ಬಿ ಟೋಕಿಯೊದ ವಾಸೆಡಾ ಸೇರಿದಂತೆ ಹಲವು ವಿಶ್ವವಿದ್ಯಾಲಯಗಳು ಬಾಗಿಲು ಹಾಕಿದವು. 2008ರಲ್ಲಿ 11,000 ಪ್ರಕರಣಗಳು ವರದಿಯಾದವು. ವೈರಸ್ ಅಲ್ಲಿ ನೆಲೆಯೂರಿದ್ದ ಡಿ5. ಒಂದೇ ಡೋಸ್ ಪಡೆದಿದ್ದ ಪೀಳಿಗೆಯನ್ನು ಹಿಡಿಯಲು ಸರ್ಕಾರ 2008ರಿಂದ ಐದು ವರ್ಷ, ಮಾಧ್ಯಮಿಕ ಶಾಲೆಯ ಮೊದಲ ವರ್ಷದವರಿಗೂ ಪ್ರೌಢಶಾಲೆಯ ಕೊನೆಯ ವರ್ಷದವರಿಗೂ ಎರಡನೆಯ ಡೋಸ್ ಕೊಟ್ಟಿತು. 2010ರ ಮೇ ನಂತರ ಡಿ5 ಮತ್ತೆ ಸಿಗಲಿಲ್ಲ. ಆಮೇಲೆ ಬಂದವು ಡಿ4, ಡಿ8, ಡಿ9, ಎಚ್1, ಎಲ್ಲವೂ ಹೊರಗಿನವು, ಯಾವುದೂ ಬಹುಕಾಲ ನಿಲ್ಲಲಿಲ್ಲ. 2015ರ ಮಾರ್ಚಿನಲ್ಲಿ ಜಪಾನಿಗೆ ದಡಾರಮುಕ್ತ ಮಾನ್ಯತೆ ಸಿಕ್ಕಿತು. ಅಭಿಯಾನವೊಂದರ ಫಲವನ್ನು ಜೀನೋಟೈಪ್‌ನಲ್ಲಿ ಇಷ್ಟು ನಿಚ್ಚಳವಾಗಿ ಓದಬಹುದಾದ ಉದಾಹರಣೆ ವಿರಳ.

ಚೀನಾದ ಪಾಲಿಗೆ ಅಂಥ ನೆಲದ ತಳಿ ಎಚ್1. 2010ರ ಸೆಪ್ಟೆಂಬರಿನಲ್ಲಿ ಹತ್ತು ದಿನದಲ್ಲಿ ಸುಮಾರು 10 ಕೋಟಿ ಮಕ್ಕಳಿಗೆ ಲಸಿಕೆ ಹಾಕಿದ ಅಭಿಯಾನದ ಬಳಿಕ ರೋಗ ತೀವ್ರವಾಗಿ ಇಳಿಯಿತು. ಆದರೂ ಎಚ್1 ಬಗ್ಗಲಿಲ್ಲ, 2013ರ ನಂತರ ಮತ್ತೆ ಏರಿತು. ಹೊಸ ತಳಿ ಬರದೆ ಹಳೆಯದೇ ಮುಂದುವರಿದದ್ದು, ಲಸಿಕೆ ಪಡೆಯುವ ವಯಸ್ಸಿಗೂ ಬಾರದ ಹಸುಗೂಸುಗಳು ಮತ್ತು ಅಭಿಯಾನದ ವಯಸ್ಸು ದಾಟಿದ ದೊಡ್ಡವರಲ್ಲಿ ಸರಪಳಿ ಉಳಿದಿತ್ತೆಂಬುದನ್ನು ಸೂಚಿಸಿತು. ಹಿಡಿದ ಕೆಲಸ ಬಿಡದೆ ಮುಂದುವರಿಸಿದ ಮೇಲೆ ಆ ದಶಕದ ಕೊನೆಗೆ ಎಚ್1 ಅಪರೂಪವಾಯಿತು, 2021ರಿಂದ ಜಗತ್ತಿನಲ್ಲೆಲ್ಲೂ ವರದಿಯಾಗಿಲ್ಲ.

ಆಫ್ರಿಕದ ದಕ್ಷಿಣ ಭಾಗದ ದೇಶಗಳು 1990ರ ದಶಕದ ಕೊನೆಗೆ ಅಭಿಯಾನಗಳಿಂದ ದಡಾರದ ಸಾವುಗಳನ್ನು ಬಹುತೇಕ ನಿಲ್ಲಿಸಿದ್ದವು. ಮುಂದಿನ ಸುತ್ತುಗಳು ಸಡಿಲವಾದವು. 2009 ಮತ್ತು 2010ರಲ್ಲಿ ಬಿ3 ಹರಡಿತು, ಮಲಾವಿಯೊಂದರಲ್ಲೇ ಲಕ್ಷಕ್ಕೂ ಹೆಚ್ಚು ಮಂದಿಗೆ ತಗುಲಿತು. ಅಲ್ಲಿ ಹಿಂದೆ ಕಾಣುತ್ತಿದ್ದ ಡಿ2, ಡಿ4 ಆಗ ಇರಲಿಲ್ಲ. ಹಳೆಯ ಬೇರು ಹೋಗಿತ್ತು, ಮಕ್ಕಳ ರಕ್ಷಣೆಯೂ ಹೋಗಿತ್ತು.

ಭಾರತ ಮತ್ತು ಕರ್ನಾಟಕ

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ದಡಾರದ ಲಸಿಕೆ 1985ರಲ್ಲಿ ಸೇರಿತು. ಎರಡನೆಯ ಡೋಸ್ ಬರಲು 25 ವರ್ಷ ಕಾಯಬೇಕಾಯಿತು, ಇದು ಬಹಳ ತಡ. ಮೊದಲ ಡೋಸಿನ ವ್ಯಾಪ್ತಿ ಕಡಿಮೆಯಿದ್ದ 14 ರಾಜ್ಯಗಳಲ್ಲಿ 2010ರಿಂದ 2013ರವರೆಗೆ ಸುಮಾರು 11.9 ಕೋಟಿ ಮಕ್ಕಳಿಗೆ ಅಭಿಯಾನದ ಮೂಲಕ ಕೊಟ್ಟರು. ಕರ್ನಾಟಕದಂಥ ರಾಜ್ಯಗಳಲ್ಲಿ ಎರಡನೆಯ ಡೋಸ್ ನೇರವಾಗಿ ವಾಡಿಕೆಯ ಲಸಿಕಾ ಪಟ್ಟಿಗೆ ಬಂತು. ಆ ನಾಲ್ಕು ವರ್ಷಗಳಲ್ಲಿ ಅಭಿಯಾನ 41,000ರಿಂದ 56,000 ಮಕ್ಕಳ ಸಾವನ್ನು ತಪ್ಪಿಸಿತು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು.

ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಸೇರಿದ ಎಂಆರ್ ಲಸಿಕೆಯ ರಾಷ್ಟ್ರೀಯ ಅಭಿಯಾನಕ್ಕೆ 2017ರ ಫೆಬ್ರವರಿ 5ರಂದು ಬೆಂಗಳೂರಿನಿಂದ ಚಾಲನೆ ಸಿಕ್ಕಿತು. ಮೊದಲ ಹಂತದಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ. 9 ತಿಂಗಳಿಂದ 15 ವರ್ಷದೊಳಗಿನ ಸುಮಾರು 3.6 ಕೋಟಿ ಮಕ್ಕಳು ಗುರಿ. ಶಾಲೆ, ಅಂಗನವಾಡಿಗಳೇ ಲಸಿಕಾ ಕೇಂದ್ರಗಳಾದವು. ವಾಟ್ಸ್‌ಆ್ಯಪ್‌ನಲ್ಲಿ ಹರಿದ ಸುಳ್ಳು ಸುದ್ದಿಗಳು ದಕ್ಷಿಣದ ರಾಜ್ಯಗಳಲ್ಲಿ ಕೆಲಸವನ್ನು ನಿಧಾನಗೊಳಿಸಿದವು. ಶಾಲೆಯ ಮೇಷ್ಟರು, ಆರೋಗ್ಯ ಸಹಾಯಕಿಯರು ಒಬ್ಬೊಬ್ಬ ಪೋಷಕರನ್ನೂ ಒಲಿಸಬೇಕಾಯಿತು.

ಭಾರತದಲ್ಲಿ ಬಹುಕಾಲ ಕಾಣಿಸಿಕೊಂಡ ಮುಖ್ಯ ಜೀನೋಟೈಪ್‌ಗಳು ಡಿ4 ಮತ್ತು ಡಿ8, ನಡುನಡುವೆ ಡಿ7. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ 1990ರ ದಶಕದ ಮಾದರಿಗಳಲ್ಲೇ ಡಿ4, ಡಿ8 ಎರಡನ್ನೂ ಗುರುತಿಸಿತ್ತು. ಚೆನ್ನೈಯ ಗಿಂಡಿಯಲ್ಲಿರುವ ಕಿಂಗ್ ಇನ್‌ಸ್ಟಿಟ್ಯೂಟ್ ತಳಿ ಪತ್ತೆಯ ಇನ್ನೊಂದು ಕೇಂದ್ರ. ಅಭಿಯಾನಗಳ ಸುತ್ತು ಹೆಚ್ಚಿದಂತೆ ಡಿ4 ಹಿಂದೆ ಸರಿದು ಡಿ8 ಉಳಿಯಿತು. ಗಿರ್ ಸೋಮನಾಥ್ ಹೆಸರಿನ ಡಿ8 ವಂಶ 2018 ಮತ್ತು 2019ರಲ್ಲಿ ಯುರೋಪಿನ ಹಲವು ದೇಶಗಳಲ್ಲಿ ಸಿಕ್ಕಿತು. ಭಾರತ ದಡಾರದಿಂದ ಮುಕ್ತವಾಗುವ ಗುರಿಯ ವರ್ಷ ಮೊದಲು 2020 ಇತ್ತು, ಆಮೇಲೆ 2023, ಈಗ 2026. ಇಷ್ಟು ದೊಡ್ಡ ದೇಶದಲ್ಲಿ ಡಿ8 ಎಂಬ ಒಂದೇ ಹೆಸರಿನ ಕೆಳಗೆ ಎಷ್ಟು ಬೇರೆ ಬೇರೆ ಸರಪಳಿಗಳಿವೆ ಎಂದು ಬಿಡಿಸಿ ನೋಡುವುದು ಆ ಗುರಿಯಷ್ಟೇ ಮುಖ್ಯವಾದ ಕೆಲಸ.

ಲಸಿಕೆಯ ದದ್ದೋ, ರೋಗದ ದದ್ದೋ

ಲಸಿಕೆ ಪಡೆದ ಮಕ್ಕಳಲ್ಲಿ ಶೇ. 5ರಷ್ಟು ಮಂದಿಗೆ ಒಂದರಿಂದ ಎರಡು ವಾರದೊಳಗೆ ತೆಳುವಾದ ದದ್ದು, ಜ್ವರ ಬರಬಹುದು. ಸಾಮಾನ್ಯ ದಿನಗಳಲ್ಲಿ ಇದು ಗಮನಕ್ಕೆ ಬಾರದೆ ಹೋಗುತ್ತದೆ. ರೋಗ ಹಬ್ಬಿದೆ ಎಂದು ಊರಿಗೆ ಊರೇ ಲಸಿಕೆ ಹಾಕಿಸಿಕೊಂಡಾಗ ಗೊಂದಲ ಏಳುತ್ತದೆ. ರಕ್ತಪರೀಕ್ಷೆ ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ, ಐಜಿಎಂ ಇದೆ. 2014ರ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಿಂದ ದಡಾರ ಹರಡಿದಾಗ ವೈರಸ್ ಬಿ3 ಎಂದು ತಿಳಿಯಿತು. ಆ ವರ್ಷ ಫಿಲಿಪ್ಪೀನ್ಸ್‌ನಲ್ಲಿ ಸಾವಿರಾರು ಜನರನ್ನು ಕಾಡಿದ ತಳಿಯೂ ಅದೇ. ಆದರೆ 2015ರಲ್ಲಿ ಅಮೆರಿಕದಲ್ಲಿ ಓದಿದ 194 ವೈರಸ್ ಅಕ್ಷರಕ್ರಮಗಳಲ್ಲಿ 73 ಲಸಿಕೆಯದೇ ಆಗಿದ್ದವು. ಜೀನೋಟೈಪ್ ನೋಡದಿದ್ದರೆ ಈ ಎಲ್ಲರನ್ನೂ ರೋಗಿಗಳೆಂದು ಎಣಿಸಿ, ಮನೆಯಲ್ಲಿ ಕೂಡಿಹಾಕಿ, ಲಸಿಕೆಯೇ ವಿಫಲವಾಯಿತೆಂದು ಬರೆಯಬೇಕಾಗುತ್ತಿತ್ತು. ಎ ತಳಿಯನ್ನು ಕೆಲವೇ ಗಂಟೆಗಳಲ್ಲಿ ಗುರುತಿಸುವ ವಿಶೇಷ ಪಿಸಿಆರ್ ಪರೀಕ್ಷೆ ಈ ಅನುಭವದಿಂದ ಬಳಕೆಗೆ ಬಂತು. ಅಭಿಯಾನ ನಡೆಸುವ ಯಾವುದೇ ರಾಜ್ಯಕ್ಕೆ ಇಂಥ ಪರೀಕ್ಷೆ ಕೈಯಳತೆಯಲ್ಲಿರಬೇಕು. ಒಂದು ವದಂತಿ ಹುಟ್ಟಿ ಬಲಿಯುವ ಮುಂಚೆ ಉತ್ತರ ಸಿಗಬೇಕಾದದ್ದು ಇಲ್ಲಿಯೇ.

ತಳಿ ಪತ್ತೆ ಇನ್ನೊಂದು ಕಡೆಯೂ ಲಸಿಕೆಯ ಪರವಾಗಿ ನಿಂತಿದೆ. ದಡಾರ ಬಂದು ವಾಸಿಯಾದ ಕೆಲವು ಮಕ್ಕಳ ಮಿದುಳಿನಲ್ಲಿ ವೈರಸ್ ಅಡಗಿ ಕುಳಿತು, ಹಲವು ವರ್ಷಗಳ ಬಳಿಕ ಎಸ್‌ಎಸ್‌ಪಿಇ ಎಂಬ ಮಾರಕ ಕಾಯಿಲೆ ತರುತ್ತದೆ. ಓದಿನಲ್ಲಿ ಹಿಂದೆ ಬೀಳುವುದರಿಂದ ಶುರುವಾಗಿ, ಸೆಟೆತ, ಪ್ರಜ್ಞಾಹೀನತೆ, ಸಾವು. ಅಮೆರಿಕದಲ್ಲಿ ಹೀಗೆ ತೀರಿಕೊಂಡವರ ಮಿದುಳಿನ ಅಂಗಾಂಶ ಪರೀಕ್ಷಿಸಿದಾಗ ಹಲವರಲ್ಲಿ 1989ರಿಂದ 1991ರ ಕಾಲದ ಡಿ3 ಸಿಕ್ಕಿತು. ಲಸಿಕೆಯ ತಳಿ ಎಸ್‌ಎಸ್‌ಪಿಇ ರೋಗಿಗಳ ಮಿದುಳಿನಲ್ಲಿ ಎಲ್ಲಿಯೂ ಸಿಕ್ಕಿಲ್ಲ.

ಕುಗ್ಗಿದ ವೈವಿಧ್ಯ, ಹೆಚ್ಚಿದ ತೊಡಕು

2002ರಲ್ಲಿ ಜಗತ್ತಿನಲ್ಲಿ 13 ಜೀನೋಟೈಪ್‌ಗಳು ವರದಿಯಾಗಿದ್ದವು. 2018ರಲ್ಲಿ ಉಳಿದದ್ದು ನಾಲ್ಕು: ಬಿ3, ಡಿ4, ಡಿ8, ಎಚ್1. 2021ರಿಂದ ಎರಡೇ, ಬಿ3 ಮತ್ತು ಡಿ8. ಲಸಿಕೆ ಒಂದಾದ ಮೇಲೊಂದು ವಂಶವನ್ನು ಕೊನೆಗಾಣಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕೋವಿಡ್ ಕಾಲದಲ್ಲಿ ಮಾದರಿಗಳು ಕಡಿಮೆ ಬಂದವು, ಹಾಗಾಗಿ ಕಣ್ಗಾವಲು ಇಲ್ಲದ ಮೂಲೆಯಲ್ಲಿ ಇನ್ನೊಂದು ವಂಶ ಅಡಗಿಲ್ಲ ಎಂದು ಶಪಥ ಮಾಡಲಾಗದು.

ಗೆಲುವಿನ ಬೆನ್ನಿಗೇ ತೊಂದರೆ ಬಂದಿದೆ. ಎಲ್ಲೆಡೆ ಡಿ8 ಇರುವಾಗ ಡಿ8 ಎಂಬ ಉತ್ತರಕ್ಕೆ ಬೆಲೆ ಕಡಿಮೆ. ಇಡೀ ಜೀನೋಮ್‌ನಲ್ಲಿ ವರ್ಷಕ್ಕೆ ಕೆಲವೇ ಅಕ್ಷರಗಳು ಬದಲಾಗುತ್ತವೆ, 450 ಅಕ್ಷರದ ತುಣುಕಿನಲ್ಲಿ ವರ್ಷಗಟ್ಟಲೆ ಒಂದೂ ಬದಲಾಗದೆ ಇರಬಹುದು. ಒಂದೇ ಅಕ್ಷರಕ್ರಮದ ವೈರಸ್ ಹತ್ತಾರು ದೇಶಗಳಲ್ಲಿ ಸಿಗುತ್ತದೆ. ಹೊರಗಿನಿಂದ ಅದು ಮೂರು ಸಲ ಬಂತೋ, ಒಂದೇ ಸಲ ಬಂದು ಒಳಗೇ ಹರಡುತ್ತಿದೆಯೋ ಎಂಬ ಮೂಲ ಪ್ರಶ್ನೆಗೇ ಎನ್-450 ಉತ್ತರಿಸದೆ ಹೋಗುತ್ತದೆ. ಅದಕ್ಕಾಗಿ ಪ್ರಯೋಗಾಲಯಗಳು ಎಂ ಮತ್ತು ಎಫ್ ಜೀನುಗಳ ನಡುವಿನ, ಪ್ರೋಟೀನ್ ಮಾಡದ ಸುಮಾರು ಸಾವಿರ ಅಕ್ಷರಗಳನ್ನೂ ಓದತೊಡಗಿವೆ. ಅಲ್ಲಿ ಬದಲಾವಣೆಗಳು ಹೆಚ್ಚು ಉಳಿಯುತ್ತವೆ. ಸಾಧ್ಯವಿರುವ ಕಡೆ 15,894 ಅಕ್ಷರಗಳನ್ನೂ ಓದುತ್ತಾರೆ. ಕೋವಿಡ್ ಸಮಯದಲ್ಲಿ ಕೊಂಡ ಯಂತ್ರಗಳು, ಕಲಿತ ಕೈಗಳು ಹಲವು ರಾಜ್ಯಗಳಲ್ಲಿವೆ, ದಡಾರಕ್ಕೆ ಅವನ್ನು ತಿರುಗಿಸುವುದು ಅಸಾಧ್ಯದ ಮಾತಲ್ಲ.

ಅಕ್ಷರಕ್ರಮ ಎಷ್ಟು ಉದ್ದವಾದರೂ ಅದೊಂದೇ ಸಾಲದು. ಯಾರು ಯಾವ ಮದುವೆಗೆ ಹೋಗಿದ್ದರು, ಯಾವ ರೈಲಿನಲ್ಲಿ ಬಂದರು, ಯಾವ ದಿನ ದದ್ದು ಎದ್ದಿತು ಎಂಬ ಮನೆಮನೆಯ ಮಾಹಿತಿ ಜೊತೆಗಿದ್ದಾಗಲೇ ಸರಪಳಿ ಜೋಡಣೆಯಾಗುತ್ತದೆ.

ಕೆನಡಾದ ಈಚಿನ ಅನುಭವದಲ್ಲಿ ಇವೆರಡೂ ಕೂಡಿಬಂದವು. 2024ರ ಅಕ್ಟೋಬರಿನಲ್ಲಿ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಶುರುವಾದ ದಡಾರ ಒಂಟಾರಿಯೊ, ಆಲ್ಬರ್ಟಾಗಳ ಲಸಿಕೆ ಕಡಿಮೆಯಿದ್ದ ಸಮುದಾಯಗಳಲ್ಲಿ ಹಬ್ಬಿ, ರೋಗಿಗಳ ಸಂಖ್ಯೆ 5,000 ದಾಟಿತು. ಒಂಟಾರಿಯೊ ಹೆಸರಿನಲ್ಲಿ 2024ರ 47ನೆಯ ವಾರದ ಗುರುತಿನಿಂದ ದಾಖಲಾದ ಡಿ8 ವಂಶ ಅದು. ಅಮೆರಿಕದ ಟೆಕ್ಸಸ್‌ನಲ್ಲೂ ಮೆಕ್ಸಿಕೊದಲ್ಲೂ ಅದೇ ಗುರುತು ಸಿಕ್ಕಿತು. ಒಂದೇ ತಳಿ ವರ್ಷ ದಾಟಿ ಹರಡಿತೆಂದು ಖಚಿತವಾದ ಮೇಲೆ, 2025ರ ನವೆಂಬರ್ 10ರಂದು ಕೆನಡಾ 1998ರಿಂದ ಉಳಿಸಿಕೊಂಡು ಬಂದಿದ್ದ ದಡಾರಮುಕ್ತ ಸ್ಥಾನ ಹೋಯಿತೆಂದು ಪ್ರಕಟವಾಯಿತು. ಅದರ ಜೊತೆಗೆ ಅಮೆರಿಕ ಖಂಡಗಳ ವಲಯದ ಮಾನ್ಯತೆಯೂ ಹೋಯಿತು. ಕೆನಡಾ ತನ್ನ ಸ್ಥಾನವನ್ನು ಮರಳಿ ಪಡೆಯಬೇಕಾದರೆ ಈ ಸರಪಳಿ ಪೂರ್ತಿ ತುಂಡಾಗಿ, 12 ತಿಂಗಳು ಆ ತಳಿ ಅಲ್ಲಿ ಸಿಗದಿರಬೇಕು.